ಫೋಟೋ ನೋಡಿಯೇ ಖರೀದಿಸಿರಿ

ಆ ಮೀಸೆಯನ್ನು ಎಷ್ಟು ಗೋಡೆಗಳ ಮೇಲೆ ಬರೆದಿದ್ದೇನೆಂದು ನನ್ನನ್ನು ಕೇಳಬೇಡಿ. ನೆನಪಿಲ್ಲ. ನಿಪ್ಪಾಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ರಾಯಬಾಗ, ಆ ಕಡೆ ಅಥಣಿ, ಕಾಗವಾಡದವರೆಗೆ ರಸ್ತೆಗೆ ಮುಖ ಮಾಡಿ ನಿಂತ ಗೋಡೆ ಎಲ್ಲಿ ಕಂಡರೂ ಒಂದು ಕಾಲಕ್ಕೆ ಅದರ ಮೇಲೆ ಆ ಮೀಸೆ ಇತ್ತು. ಹಳದಿ ನೆಲ, ನಡುವೆ ಕೆಂಪು ಅಂಚಿನ ಉದ್ದುರುಟು ಚೌಕಟ್ಟು, ಅದರೊಳಗೆ ಬೀಡಿ ಕಂಪನಿಯ ಮಾಲಕರ ಮುಖ. ತಲೆಗೆ ರುಮಾಲು, ಕೊರಳವರೆಗೆ ಗುಂಡಿ ಹಾಕಿದ ಕೋಟು, ಮೂಗಿನ ಕೆಳಗೆ ತುದಿ ತಿರುವಿದ ಮೀಸೆ. ಕೆಳಗೆ ದಪ್ಪ ಅಕ್ಷರದಲ್ಲಿ, "ನಕಲಿಗೆ ಮೋಸ ಹೋಗಬೇಡಿರಿ. ಫೋಟೋ ನೋಡಿಯೇ ಖರೀದಿಸಿರಿ." ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದು ಬರೆದು ಸಾಕಾಗಿದೆ.

ಈಗ ಗೋಡೆ ಕೆಲಸಕ್ಕೆ ಮತ್ತೆ ಹೊಸಬರು ಬರುತ್ತಿದ್ದಾರೆ. ಎಲ್ಲರೂ ಕಲಾಶಾಲೆಯಲ್ಲಿ ಓದಿದವರು. ಕಂಪನಿಗಳ ಜಾಹೀರಾತನ್ನೇ ಎತ್ತಿಕೊಂಡು, ಅದರಲ್ಲಿ ಒಂದು ಮುಖವನ್ನೋ ಒಂದು ಸಾಲನ್ನೋ ಬದಲಿಸಿ, ಸಮಾಜಕ್ಕೆ ಒಂದು ಮಾತು ಹೇಳುತ್ತೇವೆ ಎನ್ನುತ್ತಾರೆ. ಹೇಳಲಿ, ಯಾರು ಬೇಡ ಎಂದರು? ಆದರೆ ಬ್ರಷ್ಷಿನ ಕೂದಲು ಹೇಗೆ ತೊಳೆಯಬೇಕೆಂದು ಗೊತ್ತಿಲ್ಲದೆ, ಗೋಡೆಯ ಒಡೆಯರು ಯಾರೆಂದು ಕೇಳದೆ ಏಣಿ ಹತ್ತಿಬಿಡುತ್ತಾರಲ್ಲ, ಅದನ್ನು ಕಂಡರೆ ನನ್ನ ಮೈಯೆಲ್ಲ ಉರಿಯುತ್ತದೆ. ಇವರಿಗೆ ಬಾಯಿಂದ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆಯಲು ಕೂತಿದ್ದೇನೆ.

ನನಗೆ ಕೆಲಸ ಕಲಿಸಿದವರು ದಸ್ತಗೀರ ಉಸ್ತಾದರು. ಮೊದಲ ದಿನವೇ ಒಂದು ಮಾತು ಹೇಳಿದರು: "ಭೂಪಾಲ, ತಲಿ ಮನ್ಯಾಗ ಇಟ್ಟ ಬಾ. ಕೈ ಅಷ್ಟ ತಗೊಂಡ ಬಾ." ಅವರ ಹತ್ತಿರ ಮಾಲಕರ ಮುಖದ ಖಾಕಾ ಇತ್ತು. ಖಾಕಾ ಎಂದರೆ ದಪ್ಪ ಕಾಗದದ ಮೇಲೆ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು ಹಾಕಿದ್ದು. ಅದನ್ನು ಗೋಡೆಗೆ ಹಿಡಿದು, ಇದ್ದಿಲ ಪುಡಿ ಕಟ್ಟಿದ ಬಟ್ಟೆಯಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ಮೂಡುತ್ತವೆ. ಚುಕ್ಕಿ ಸೇರಿಸುತ್ತ ಹೋದರೆ ಮಾಲಕರು ಪ್ರತ್ಯಕ್ಷ. ಆ ಉದ್ದುರುಟು ಚೌಕಟ್ಟಿಗೆ ಉಸ್ತಾದರು ತತ್ತಿ, ಅಂದರೆ ಮೊಟ್ಟೆ, ಎನ್ನುತ್ತಿದ್ದರು. ನಮ್ಮದು ಜೈನರ ಓಣಿ, ಮನೆಯಲ್ಲಿ ಆ ಮಾತು ಎತ್ತಿದರೆ ಅವ್ವ ಊಟಕ್ಕೆ ಬಡಿಸುತ್ತಿರಲಿಲ್ಲ. ಅದಕ್ಕೆ ನಾನು ಬಾದಾಮಿ ಬೀಜದ ಆಕಾರ ನೋಡಿ ಬದಾಮಿ ಎಂದು ಹೆಸರಿಟ್ಟುಕೊಂಡೆ. ಇವತ್ತಿಗೂ ಅದೇ ಬಾಯಿಗೆ ಬರುತ್ತದೆ.

ನಾನು ಹೀಗೆ ಬಣ್ಣ ಹಿಡಿದು ಊರೂರು ತಿರುಗುತ್ತ ಕಲಿಯಲು ಸಾಧ್ಯವಾದದ್ದು ನನ್ನ ಅಕ್ಕನ ದುಡಿಮೆಯಿಂದ. ಅವಳ ಹೆಸರೇ ಅಕ್ಕಾತಾಯಿ. ದಿಗ್ಗೇವಾಡಿಗೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ, ತವರಿಗೆ ಬಂದಳು. ಬಂದ ಮರುದಿನವೇ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟಲು ಕೂತವಳು, ಕಣ್ಣು ಮಂಜಾಗುವವರೆಗೆ ಎದ್ದಿಲ್ಲ. ನಾನು ಮೀಸೆ ಬರೆಯುತ್ತಿದ್ದ ಕಂಪನಿಗೇ ಅವಳು ಬೀಡಿ ಕಟ್ಟುತ್ತಿದ್ದಳು. ಆದರೆ ಆಗ ಕಂಪನಿ ಹೊಸ ಕೆಲಸಗಾರರ ಹೆಸರನ್ನು ತನ್ನ ಪುಸ್ತಕಕ್ಕೆ ಹಚ್ಚಿಕೊಳ್ಳುತ್ತಿರಲಿಲ್ಲ. ಪಕ್ಕದ ಮನೆಯ ಸುಂದರಾಬಾಯಿಯ ಪುಸ್ತಕದಲ್ಲಿ ಸುಂದರಾಬಾಯಿಯ ಬೀಡಿ ಎಂದೇ ಅಕ್ಕನ ಬೀಡಿಯೂ ಹೋದವು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನನ್ನ ಮಹಾ ತಪ್ಪುಗಳಲ್ಲಿ ಮೊದಲನೆಯದು. ಪಾಲಬಾವಿಯಲ್ಲಿ ಒಂದು ಒಳ್ಳೆಯ ಗೋಡೆ ಕಂಡೆ. ತಿರುವಿನಲ್ಲಿತ್ತು, ಬಸ್ಸಿನಿಂದ ನೇರ ಕಣ್ಣಿಗೆ ಬೀಳುವಂಥದ್ದು. ಕಟ್ಟೆಯ ಮೇಲೆ ಕೂತಿದ್ದ ಯಜಮಾನನನ್ನು ಕೇಳಿದೆ. "ಬರಕೊಳ್ರಿ, ಅದಕ್ಕೇನ" ಎಂದು ತಂಬಾಕು ತಿಕ್ಕುತ್ತ ಹೇಳಿದ. ಗೋಡೆ ಕೊಟ್ಟವರ ಮನೆಯ ಬಾಗಿಲ ಮೇಲೆ ಅವರು ಹೇಳಿದ ದೇವರ ಹೆಸರನ್ನು ಬರೆದುಕೊಡುವುದು ನಮ್ಮ ಕಡೆಯ ಪದ್ಧತಿ, ಅದನ್ನೂ ಚೆಂದವಾಗಿ ಬರೆದುಕೊಟ್ಟೆ. ಎರಡು ದಿನ ಬಿಟ್ಟು ಕಂಪನಿಯ ಪ್ರಚಾರದ ಸಾಹೇಬರನ್ನು ಗೋಡೆ ತೋರಿಸಲು ಕರೆದುಕೊಂಡು ಹೋದೆ. ಗೋಡೆಯ ತುಂಬ ಕುಳ್ಳು! ಆ ಮನೆಯ ಸೊಸೆ ವರ್ಷಾನುಗಟ್ಟಲೆ ಕುಳ್ಳು ಬಡಿಯುತ್ತಿದ್ದ ಗೋಡೆ ಅದು. ಮಾಲಕರ ರುಮಾಲಿನ ಮೇಲೆ ನಾಲ್ಕು, ಕೋಟಿನ ಮೇಲೆ ಆರು, ಸೆಗಣಿಯ ನಡುವಿನಿಂದ ಮಾಲಕರ ಒಂದೇ ಕಣ್ಣು ನಮ್ಮನ್ನು ನೋಡುತ್ತಿತ್ತು.

"ಏನವಾ ಇದು?" ಎಂದು ನಾನು ಕಿರುಚಿದೆ.

"ಕುಳ್ಳ್ರಿ" ಎಂದಳು ಆಕೆ. "ನೀವು ನಮ್ಮ ಮಾವಗ ಕೇಳೀರಿ. ಕುಳ್ಳ ಬಡಿಯಾಕಿ ನಾ ಅದೀನಿ. ನನ್ನ ಕೇಳಿರೇನು?"

ಸಾಹೇಬರು ನನ್ನನ್ನು ಬೈದ ಬೈಗುಳ ಇಡೀ ಊರಿಗೆ ಕೇಳಿಸಿತು. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಆಕೆಯ ಮಾತು. ಅಂದಿನಿಂದ ಯಾವ ಗೋಡೆಗೂ ಮನೆಯ ಹೆಂಗಸರನ್ನು ಕೇಳದೆ ಏಣಿ ಇಟ್ಟಿಲ್ಲ. ನೀವೂ ಇಡಬೇಡಿ.

ಈ ಪ್ರಚಾರದ ಸಾಹೇಬರ ಬಗ್ಗೆಯೂ ಒಂದು ಮಾತು. ಅವರು ಜೀಪಿನಿಂದ ಇಳಿದೊಡನೆ ಮಾಲಕರ ಮೀಸೆಗೆ ಅಳತೆಪಟ್ಟಿ ಹಿಡಿಯುತ್ತಿದ್ದರು. "ಎಡಗಡಿ ತುದಿ ಒಂದ ಬೆರಳ ಕಡಮಿ ಐತಿ. ಮಾಲಕರಿಗೆ ಸಿಟ್ಟ ಬಂದಂಗ ಕಾಣಸ್ತೈತಿ, ತಿದ್ದು" ಎನ್ನುತ್ತಿದ್ದರು. ನಾನು ಏಣಿಯ ತುದಿಯಲ್ಲಿ, ನೆತ್ತಿಯ ಮೇಲೆ ಬಿಸಿಲು, ಕೆಳಗೆ ಇವರ ಬೆರಳು. ಆಮೇಲೆ ಆ ಮಾಲಕರು ತೀರಿಕೊಂಡರು. ಮಗ ಗಾದಿಗೆ ಬಂದ, ಅವನಿಗೆ ಮೀಸೆಯೇ ಇರಲಿಲ್ಲ. ಇನ್ನಾದರೂ ಬದಲಾದೀತೆಂದು ಕೇಳಿದರೆ ಸಾಹೇಬರು, "ಮಗನ ಮಾರಿ ಯಾರಿಗೆ ಬೇಕೋ? ಮಾಲು ಹೋಗೂದು ಮೀಸಿ ಮ್ಯಾಲ" ಎಂದರು. ತೀರಿಹೋದ ಮನುಷ್ಯನ ಮೀಸೆಯನ್ನು ಮತ್ತೆ ಎಷ್ಟೋ ವರ್ಷ ಬರೆದೆ. ಕಡೆಕಡೆಗೆ ಖಾಕಾ ಕೂಡ ಬೇಕಾಗುತ್ತಿರಲಿಲ್ಲ. ಮಾತಾಡುತ್ತ, ಯಾರನ್ನೋ ಬೈಯುತ್ತ ಇದ್ದರೂ ಕೈ ತಾನೇ ಬರೆದುಬಿಡುತ್ತಿತ್ತು.

ಆಮೇಲೆ ಕಾಯ್ದೆ ಬಂತು. ಬೀಡಿ, ಸಿಗರೇಟು, ತಂಬಾಕಿನ ಜಾಹೀರಾತು ಗೋಡೆಯ ಮೇಲೆ ಇರಕೂಡದು. ಅಳಿಸುವ ಕೆಲಸಕ್ಕೆ ಯಾರನ್ನು ಹುಡುಕಿದರು ಹೇಳಿ? ನನ್ನನ್ನೇ. ಯಾವ ಗೋಡೆ ಎಲ್ಲಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಬರೆದವನೇ ಬಕೆಟ್ಟು ಹಿಡಿದು ಸುಣ್ಣ ಬಳಿಯುತ್ತ ಹೊರಟೆ. ಆ ಸಾಹೇಬರ ಕಾಟಕ್ಕೆ ಮೀಸೆಗೆ ಮಾತ್ರ ಒಳ್ಳೆಯ ಎಣ್ಣೆಬಣ್ಣ ಹಾಕಿದ್ದೆನಲ್ಲ, ಎರಡು ಸಲ ಸುಣ್ಣ ಬಳಿದರೂ ಅದು ಒಳಗಿನಿಂದ ಇಣುಕುತ್ತಿತ್ತು. ಕಾಗವಾಡದ ಒಂದು ಗೋಡೆಯ ಮೇಲೆ ಮುಖವಿಲ್ಲದ ಬರೀ ಮೀಸೆ ಎರಡು ಮಳೆಗಾಲ ಉಳಿಯಿತು.

ಅದರ ಬೆನ್ನಿಗೇ ಫ್ಲೆಕ್ಸ್ ಬಂತು. ಅದರ ಬಗ್ಗೆ ಬರೆದರೆ ನನ್ನ ಬಿಪಿ ಏರುತ್ತದೆ, ಬಿಡಿ. ನಾನು ಏಣಿ ಮಡಚಿ ಮನೆಯಲ್ಲಿ ಕೂತೆ.

ಹಾಗೆ ಕೂತಿದ್ದಾಗ ಈ ಕಲಾವಿದರು ಹುಡುಕಿಕೊಂಡು ಬರತೊಡಗಿದರು. ಮೊದಲು ಬಂದವನು ದೊಡ್ಡ ಊರಿನವನು, ಗಡ್ಡ ಬಿಟ್ಟಿದ್ದ. ಅಥಣಿ ಕಡೆಯ ಹಳ್ಳಿಗಳ ನೀರಿನ ಪಾಡಿನ ಬಗ್ಗೆ ಗೋಡೆ ಚಿತ್ರ ಮಾಡಬೇಕಂತೆ. ಒಂದು ತಂಪು ಪಾನೀಯ ಕಂಪನಿಯ ಕೆಂಪು, ಅದರ ಬಳುಕುವ ಅಕ್ಷರ, ಅದರ ಬಾಟಲಿ ಎಲ್ಲ ಹಾಗೇ ಇರಬೇಕು. ಬಾಟಲಿಯಿಂದ ಗ್ಲಾಸಿಗೆ ಬೀಳುವುದು ಮಾತ್ರ ಉಸುಕು. ವಿಚಾರ ಕೆಟ್ಟದ್ದಲ್ಲ. ಒಪ್ಪಿಕೊಂಡೆ. "ಸ್ವಲ್ಪ ಕೆಡಸಿ ಬರೀರಿ, ಹಳ್ಳಿ ಪೇಂಟರ್ ಬರದಂಗ ಕಾಣಬೇಕು" ಎಂದ. ಇಷ್ಟು ವರ್ಷ ಕೆಡದಂತೆ ಬರೆಯಲು ಬೈಸಿಕೊಂಡ ಮನುಷ್ಯನಿಗೆ ಈ ಮಾತು! ಉರಿದುಬಿಟ್ಟೆ. ಕೆಡಿಸದೆ ಬರೆದೆ. ಅವನು ಫೋಟೋ ಹೊಡೆದುಕೊಂಡು ಹೋದ. ಮರುದಿನ ಆ ಊರಿನ ಅಂಗಡಿಕಾರ ನನಗೆ ಫೋನು ಮಾಡಿದ: "ಪೇಂಟರ್, ಆ ಹೊಸ ಪಾನಿ ಏಜೆನ್ಸಿ ಯಾರ ಕಡೆ ಐತ್ರಿ? ಮಂದಿ ಕೇಳಾಕತ್ತಾರ." ಗ್ಲಾಸಿನಲ್ಲಿ ಬೀಳುವುದನ್ನು ಜನ ಕಬ್ಬಿನ ಹಾಲೆಂದು ತಿಳಿದಿದ್ದರು. ನಾನು ಹಣೆ ಚಚ್ಚಿಕೊಂಡೆ.

ಇವರ ತೊಂದರೆ ಇದು. ಜಾಹೀರಾತನ್ನು ಅಷ್ಟು ಚೆಂದವಾಗಿ ಎತ್ತಿಕೊಂಡರೆ ಜನ ಅದನ್ನು ಜಾಹೀರಾತೆಂದೇ ಓದುತ್ತಾರೆ. ಗೋಡೆಯ ಮುಂದೆ ಯಾರೂ ನಿಂತು ವಿಚಾರ ಮಾಡುವುದಿಲ್ಲ. ಬಸ್ಸಿನಿಂದ, ಸೈಕಲ್ಲಿನಿಂದ, ತಲೆಯ ಮೇಲೆ ಹೊರೆ ಹೊತ್ತು ನೋಡುತ್ತಾರೆ. ಇದನ್ನು ನಾನು ಗಡ್ಡದವನಿಗೆ ಹೇಳಿದ್ದೆ. "ಅದೂ ಒಂಥರಾ ಪ್ರತಿಕ್ರಿಯೆನೇ" ಎಂದು ನಕ್ಕುಬಿಟ್ಟ.

ಎರಡನೆಯವಳು ಸ್ನೇಹಲ. ಭೋಜದ ಹುಡುಗಿ, ನಮ್ಮ ಬಳಗದ ಪೈಕಿಯೇ. ಅವಳು ಬಂದಾಗ ಅಕ್ಕ ಒಳಗೆ ನನ್ನ ಮೇಲೆ ಹರಿಹಾಯುತ್ತಿದ್ದಳು. ಯಾಕೆಂದರೆ ಹಿಂದಿನ ದಿನ ನಾವಿಬ್ಬರೂ ಬೀಡಿ ಕಾರ್ಮಿಕರ ಕಾರ್ಡಿಗಾಗಿ ಕಚೇರಿಗೆ ಹೋಗಿ ಬರಿಗೈಯಲ್ಲಿ ಬಂದಿದ್ದೆವು. ಅಕ್ಕನಿಗೆ ವರ್ಷಗಳಿಂದ ಕೆಮ್ಮು, ಕಣ್ಣೂ ಮಂಜು. ಕಾರ್ಡು ಇದ್ದರೆ ಬೀಡಿ ಕಾರ್ಮಿಕರ ದವಾಖಾನೆಯಲ್ಲಿ ನೋಡುತ್ತಾರೆ. ಆದರೆ ಅವಳಿಗೆ ದವಾಖಾನೆಗಿಂತ ಬೇರೆಯದೇ ಹಟ. ಸುಂದರಾಬಾಯಿಯ ಹೆಸರಿನಲ್ಲಿ ಅಷ್ಟು ವರ್ಷ ಕಟ್ಟಿದ್ದು ತಾನು ಎಂದು ಯಾರಾದರೂ ಒಮ್ಮೆ ಬರೆದುಕೊಡಬೇಕು. ಸುಂದರಾಬಾಯಿ ಇದ್ದಿದ್ದರೆ ಸಾಕ್ಷಿಯಾದರೂ ಹೇಳುತ್ತಿದ್ದಳು, ಅವಳು ಹೋಗಿ ಎಷ್ಟೋ ವರ್ಷವಾಯಿತು. ಕಂಪನಿಯ ಪುಸ್ತಕದಲ್ಲಿ ಅಕ್ಕ ಇಲ್ಲ.

"ನೀವು ಬೀಡಿ ಕಟ್ಟಿದ್ದಕ್ಕ ಪುರಾವೆ ಏನೈತ್ರಿ ಆಯಿ?" ಎಂದು ಕಚೇರಿಯ ಕಾರಕೂನ ಕೇಳಿದ್ದ.

ಅಕ್ಕ ಎರಡೂ ಕೈ ಮೇಜಿನ ಮೇಲೆ ಇಟ್ಟಳು. ಹೆಬ್ಬೆರಳಿನ ಉಗುರು ಸವೆದು ಅರ್ಧ ಉಳಿದಿದೆ, ತೋರುಬೆರಳು ಒಂದು ಕಡೆಗೆ ಬಾಗಿ ನಿಂತಿದೆ.

"ಬೆರಳಿಗೆ ಶಿಕ್ಕಾ ಇರೂದಿಲ್ರಿ" ಎಂದ ಅವನು, ಬೇರೊಂದು ಕಾಗದಕ್ಕೆ ಮೊಹರು ಒತ್ತುತ್ತ. "ಕಾಗದ ತರ್ರಿ. ಸರಕಾರಿ ಶಿಕ್ಕಾ ಇದ್ದ ಯಾವದಾರ ಕಾಗದ."

ಈ ಸಿಟ್ಟಿನ ನಡುವೆ ಸ್ನೇಹಲ ಬಂದು ಮೊಬೈಲಿನಲ್ಲಿ ನನ್ನದೇ ಹಳೆಯ ಗೋಡೆಯ ಚಿತ್ರ ತೋರಿಸಿದಳು. "ಮಾಮಾ, ಇದನ್ನ ಮತ್ತ ಬರೀಬೇಕು. ಎಲ್ಲಾ ಹಿಂಗ ಇರಲಿ. ಹಳದಿ, ಬದಾಮಿ, ಕೆಳಗಿನ ಸಾಲು, ಯಾವದೂ ಬದಲಿ ಮಾಡೂದ ಬ್ಯಾಡ. ಒಳಗ ಮಾಲಕರ ಬದಲಿ ಬೀಡಿ ಕಟ್ಟೋ ಹೆಣ್ಣುಮಗಳ ಫೋಟೋ ಇರಲಿ."

ಫೋಟೋ ನೋಡಿಯೇ ಖರೀದಿಸಿರಿ. ಅಷ್ಟು ಸಲ ಬರೆದ ಸಾಲು, ಮನೆಯಲ್ಲಿ ಮೊರದ ಮುಂದೆ ಕೂತ ಅಕ್ಕ, ಎರಡನ್ನೂ ದಿನಾ ನೋಡಿದ ನನಗೆ ಇದು ಹೊಳೆಯಲಿಲ್ಲವಲ್ಲ! ಹೊಳೆದದ್ದು ನಿನ್ನೆ ಮೊನ್ನೆಯ ಹುಡುಗಿಗೆ. ಆ ಸಿಟ್ಟಿಗೆ ಅವಳನ್ನೇ ನಾಲ್ಕು ಮಾತು ಬೈದೆ, ಆಮೇಲೆ ಒಪ್ಪಿದೆ. ಗೋಡೆ ನಮ್ಮ ಮನೆಯದೇ ಇರಲಿ ಎಂದೆ. ಹೆಂಗಸರು ಬೀಡಿ ಒಪ್ಪಿಸಲು ಬುಟ್ಟಿ ಹೊತ್ತು ಹೋಗುವುದು ಆ ಗೋಡೆಯ ಮುಂದಿನಿಂದಲೇ. ಮುಖ ಅಕ್ಕನದು.

ಪಾಲಬಾವಿಯ ಕುಳ್ಳು ನೆನಪಿತ್ತಲ್ಲ, ಅಕ್ಕನನ್ನು ಕೇಳಿದೆ. "ಬರೀರಿ, ನಂದೇನ" ಎಂದಳು. ಆದರೆ ಸ್ನೇಹಲ ಬರೆದು ತಂದ ಮೊದಲ ಚಿತ್ರ ನೋಡಿ ಕೆರಳಿದಳು. ಗುಳಿಬಿದ್ದ ಕೆನ್ನೆ, ಕೆದರಿದ ಕೂದಲು, ಬಾಯಿಗೆ ಸೆರಗು ಹಿಡಿದು ಕೆಮ್ಮುತ್ತಿರುವ ಮುದುಕಿ.

"ಇದ ಯಾರ ಹೆಣಾ?" ಎಂದಳು ಅಕ್ಕ.

"ಆಯಿ, ನೀವು ಪಟ್ಟ ಕಷ್ಟ ಮಂದಿಗೆ ತಿಳೀಬೇಕಲ್ಲಾ?"

"ಮಾಲಕರು ಫೋಟೋದಾಗ ಕೆಮ್ಮಾಕತ್ತಾರೇನು? ಮತ್ತ ನಾ ಯಾಕ ಕೆಮ್ಮಲಿ? ಕಷ್ಟ ನಂದು, ತೋರಸೂದ ಬಿಡೂದ ನಾ ಹೇಳಾಕಿ. ಅವರ ಹ್ಯಾಂಗ ಕುಂತಾರ, ನನ್ನ ಹಂಗ ಕುಂದರಸು."

"ಹಂಗ ಬರದರ ಮಂದಿ ನಿಮ್ಮನ್ನ ಮಾಲಕರ ಅಂತ ತಿಳ್ಕೋತಾರ."

"ತಿಳ್ಕೊಳ್ಳಲಿ ಬಿಡ!"

ಸ್ನೇಹಲ ನನ್ನ ಮುಖ ನೋಡಿದಳು, ನಾನು ಕೈ ಚೆಲ್ಲಿದೆ. ಮೂರು ದಿನ ಈ ವಾದ ನಡೆಯಿತು. ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು. ತನ್ನ ಕಲೆಯ ಮಾತೇ ಹೋಗುತ್ತದೆ ಎಂದಳು. ಅಕ್ಕ ಜಗ್ಗಲಿಲ್ಲ. ನಾಲ್ಕನೆಯ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇಳಕಲ್ಲ ಸೀರೆ ಉಟ್ಟು, ಪೆಟ್ಟಿಗೆಯಿಂದ ಬುಗುಡಿ ತೆಗೆದು ಕಿವಿಗೆ ಇಟ್ಟುಕೊಂಡು, ಕುರ್ಚಿಯ ಮೇಲೆ ನೆಟ್ಟಗೆ ಕೂತು, "ಹೂಂ, ಬರಿ" ಎಂದಳು. ಸ್ನೇಹಲ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ತನ್ನ ಹಳೆಯ ಚಿತ್ರವನ್ನು ತಾನೇ ಮಡಚಿ ಚೀಲದಲ್ಲಿ ಇಟ್ಟುಕೊಂಡು, ಹೊಸ ಕಾಗದ ತೆಗೆದಳು. ಅವಳು ಬರೆದ ಮುಖಕ್ಕೆ ನಾನು ತೂತು ಹಾಕಿ ಖಾಕಾ ಮಾಡಿದೆ.

ಈಗ ನನ್ನ ಎರಡನೆಯ ಮಹಾ ತಪ್ಪು. ಇದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಬೆಳಗಿನ ಬಿಸಿಲು ಬೀಳುವ ಮೊದಲೇ ಏಣಿ ಹತ್ತಿದೆ. ಹಳದಿ ನೆಲ ಹಿಂದಿನ ದಿನವೇ ಆಗಿತ್ತು. ಖಾಕಾ ಬಡಿದೆ, ಬದಾಮಿ ಎಳೆದೆ, ಹಣೆ, ಮೂಗು, ಕೆನ್ನೆಗೆ ಬಣ್ಣ ತುಂಬಿದೆ. ಓಣಿಯ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತ ನಿಂತಿದ್ದರು. ಕೆಳಗಿನಿಂದ ಸ್ನೇಹಲ ಅದು ಹಾಗಿರಲಿ, ಇದು ಹೀಗಿರಲಿ ಎಂದು ತಲೆ ತಿನ್ನುತ್ತಿದ್ದಳು. "ಸುಮ್ನ ಇರ್ತಿಯೇನ ಸ್ವಲ್ಪ?" ಎಂದು ಅವಳ ಕಡೆ ತಿರುಗಿ ಬೈದು, ಅದೇ ಭರದಲ್ಲಿ ಕರಿ ಬಣ್ಣದಲ್ಲಿ ಬ್ರಷ್ಷು ಅದ್ದಿ ಗೋಡೆಗೆ ಎಳೆದೆ. ಹಿಂದಿನಿಂದ ಒಮ್ಮೆಲೇ ನಗು ಎದ್ದಿತು. ತಿರುಗಿ ನೋಡಿದರೆ ಅಕ್ಕನ ಮೂಗಿನ ಕೆಳಗೆ ತುದಿ ತಿರುವಿದ ಮೀಸೆ! ಅಳತೆಪಟ್ಟಿ ಹಿಡಿದರೂ ಒಂದು ಬೆರಳು ಹೆಚ್ಚುಕಡಿಮೆ ಇರಲಿಲ್ಲ.

ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಗದ್ದಲ ಕೇಳಿ ಅಕ್ಕ ಹೊರಗೆ ಬಂದಳು. ಹಣೆಗೆ ಕೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ನಾನು ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ತಿಕ್ಕತೊಡಗಿದೆ. ನನ್ನನ್ನು ಸಾಕಿದ ಮುಖ ಅದು. ನನ್ನ ಕೈಗೆ ಅದು ಗೊತ್ತೇ ಇರಲಿಲ್ಲ, ಗೊತ್ತಿದ್ದದ್ದು ಬೇರೆಯವರ ಮುಖ. ಏಣಿಯ ಮೇಲೆ ನಿಂತೇ ಅಳು ಬಂತು. ತಿಕ್ಕಿದೆ, ಬಣ್ಣ ಹಾಕಿದೆ, ಮತ್ತೆ ತಿಕ್ಕಿದೆ. ಕಪ್ಪು ಹೋಯಿತು, ಮೇಲ್ತುಟಿಯ ಮೇಲೆ ಬೂದು ನೆರಳೊಂದು ಉಳಿಯಿತು.

"ಸಾಕ ಬಿಡೋ ಭೂಪಾಲ" ಎಂದಳು ಅಕ್ಕ ಕೆಳಗಿನಿಂದ. "ಎಷ್ಟ ತಿಕ್ಕತಿ? ಮಾರಿ ಉರಿಯಾಕತ್ತು ನಂದು."

ಆ ಮಾತಿಗೆ ಓಣಿ ಮತ್ತೆ ನಕ್ಕಿತು, ನಾನೂ ನಕ್ಕೆ. ಸಂಜೆಯ ಹೊತ್ತಿಗೆ ಗೋಡೆ ಮುಗಿಯಿತು. ಹಳದಿ ನೆಲ, ಬೀಡಿ ಕಟ್ಟಿನ ಚಿತ್ರ, ಬದಾಮಿಯೊಳಗೆ ಅಕ್ಕ, ಕೆಳಗೆ ಆ ಸಾಲು. ಬೀಡಿ ಒಪ್ಪಿಸಿ ವಾಪಸು ಬರುತ್ತಿದ್ದ ಹೆಂಗಸರು ಬುಟ್ಟಿ ಹೊತ್ತೇ ನಿಂತು ಒಬ್ಬರಿಗೊಬ್ಬರು ಓದಿ ಹೇಳಿದರು. ಯಾರಿಗೂ ವಿವರಿಸಬೇಕಾಗಲಿಲ್ಲ. ಗಡ್ಡದವನಿಗೆ ಆಗದೆ ಇದ್ದದ್ದು ಈ ಹುಡುಗಿಗೆ ಆಗಿತ್ತು. ನಾನು ಅವಳಿಗೆ ಹಾಗೆಂದು ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ವಾರ ಕಳೆಯಲಿಲ್ಲ, ತಪಾಸಣೆಯ ಸಾಹೇಬರು ಬಂದರು. ಯಾರೋ ದೂರು ಕೊಟ್ಟಿದ್ದರು.

"ಬೀಡಿ ಜಾಹೀರಾತು ಬಂದ್ ಆಗೇತಿ, ಗೊತ್ತಿಲ್ಲೇನ್ರಿ?"

"ಸರ್, ಇದು ಜಾಹೀರಾತಲ್ಲ, ಜಾಹೀರಾತಿನ ಮ್ಯಾಲಿನ ಟೀಕೆ" ಎಂದು ಸ್ನೇಹಲ ಶುರು ಮಾಡಿದಳು. ಕಂಪನಿಗಳು ಏನು ಅಡಗಿಸುತ್ತವೆ, ಕಲೆ ಅದನ್ನು ಹೇಗೆ ತೆಗೆದು ತೋರಿಸುತ್ತದೆ, ಹೊರಗಿನ ದೇಶಗಳಲ್ಲಿ ಹೇಗೆ ಮಾಡುತ್ತಾರೆ, ಎಲ್ಲ ಹೇಳಿದಳು. ಸಾಹೇಬರು ತಾಳ್ಮೆಯಿಂದ ಕೇಳಿದರು.

"ಬೀಡಿ ಚಿತ್ರ ಐತಿ. ಫೋಟೋ ಐತಿ. ಖರೀದಿಸಿರಿ ಅಂತ ಬರದೀರಿ. ಇನ್ನ ಜಾಹೀರಾತಿಗೆ ಏನ ಬೇಕವಾ? ಅಳಸ್ರಿ" ಎಂದರು. "ಅಳಸಾವ್ರ ಯಾರರ ಅದಾರೇನ ಇಲ್ಲಿ?"

ಇಡೀ ಓಣಿ ನನ್ನ ಕಡೆ ಬೆರಳು ತೋರಿಸಿತು.

ಮತ್ತೆ ಬಕೆಟ್ಟು, ಮತ್ತೆ ಸುಣ್ಣ. ಬೀಡಿ ಕಟ್ಟು ಅಳಿಸಿದೆ, ಅಕ್ಷರ ಅಳಿಸಿದೆ. ಮುಖದ ಹತ್ತಿರ ಬಂದು ನಿಂತೆ. "ಮುಖಕ್ಕ ಕಾಯ್ದೆ ಇಲ್ಲ, ಅದ ಇರಲಿ" ಎಂದು ಸಾಹೇಬರು ಹೋದರು. ಬಿಳಿ ಗೋಡೆಯ ನಡುವೆ ಬದಾಮಿಯೊಳಗೆ ಅಕ್ಕ ಒಬ್ಬಳೇ ಉಳಿದಳು.

ಮುಂದಿನದನ್ನು ನೀವೇ ಊಹಿಸಬಹುದಿತ್ತು, ನಾವು ಮೂವರೂ ಊಹಿಸಲಿಲ್ಲ. ನಮ್ಮ ಕಡೆ ಬದಾಮಿಯೊಳಗೆ ಮುಖವಿದ್ದು ಕೆಳಗೆ ಏನೂ ಬರೆದಿಲ್ಲವೆಂದರೆ ಆ ಮನುಷ್ಯ ತೀರಿಕೊಂಡ ಎಂದೇ ಅರ್ಥ. ಎರಡು ದಿನದಲ್ಲಿ ಸುದ್ದಿ ಕೃಷ್ಣೆಯ ದಂಡೆಯವರೆಗೆ ಹೋಯಿತು. ದಿಗ್ಗೇವಾಡಿಯಿಂದ ಅಕ್ಕನ ನಾದಿನಿ ಬಂದು, ಗೋಡೆ ಕಂಡವಳೇ ರಸ್ತೆಯಲ್ಲಿ ಎದೆ ಬಡಿದುಕೊಂಡು ಅಳತೊಡಗಿದಳು. ಅಳುವ ಸದ್ದಿಗೆ ಅಕ್ಕ ಬಾಗಿಲಿಗೆ ಬಂದು, "ಯಾಕವಾ ಅಳಾಕತ್ತಿ? ಯಾರ ಹೋದ್ರು?" ಎಂದು ಕೇಳಿದಳು. ನಾದಿನಿ ಅಲ್ಲೇ ಕುಸಿದು ಕೂತಳು.

ಅವಳಿಗೆ ನೀರು ಕುಡಿಸಿ ಒಳಗೆ ಕರೆದುಕೊಂಡ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಲೇ, ಜೀವಂತ ಅದೀನಿ ನಾ. ಏಣಿ ತಗೊಂಡ ಬಾ. ಕೆಳಗ ಬರಿ. ಅಕ್ಕಾತಾಯಿ, ಬೀಡಿ ಕಾರ್ಮಿಕಳು."

"ಬೀಡಿ ಅಂತ ಬರದರ ಸಾಹೇಬ ಮತ್ತ ಬರ್ತಾನ ಅಕ್ಕಾ."

"ಬರಲಿ. ನಾ ಮಾತಾಡ್ತೀನಿ."

ಬರೆದೆ. ಸಾಹೇಬರು ಬಂದೇ ಬಂದರು, ಈ ಸಲ ಸಿಟ್ಟಿನಿಂದ. "ಮತ್ತ ಬೀಡಿ ಬರದೀರಿ?" ಎಂದು ಗೋಡೆಗೆ ಬೆರಳು ಮಾಡಿದರು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು.

"ಇದರಾಗ ಮಾರೂದ ಏನೈತ್ರಿ ಸಾಹೇಬರ? ನನ್ನ ಯಾರರ ಕೊಳ್ತಾರೇನು?"

ಸಾಹೇಬರು ಗೋಡೆ ನೋಡಿದರು, ಅಕ್ಕನನ್ನು ನೋಡಿದರು. ಅವರ ಸಿಟ್ಟು ಇಳಿದದ್ದು ಕಾಣುತ್ತಿತ್ತು. ಬಿಸಿಲಿಗೆ ಅವರಿಗೂ ಸಾಕಾಗಿತ್ತು. ದೂರನ್ನು ಮುಗಿಸಿ ಕೈ ತೊಳೆದುಕೊಳ್ಳಬೇಕಿತ್ತು. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಪಂಚನಾಮೆ ಬರೆದರು. ಸ್ಥಳಕ್ಕೆ ಭೇಟಿ ಕೊಟ್ಟು ಪರಿಶೀಲಿಸಲಾಗಿ, ಸದರಿ ಗೋಡೆಯ ಮೇಲೆ ಯಾವುದೇ ತಂಬಾಕು ಉತ್ಪನ್ನದ ಜಾಹೀರಾತು ಇರುವುದಿಲ್ಲ. ಸದರಿ ಮನೆಯಲ್ಲಿ ವಾಸವಿರುವ ಬೀಡಿ ಕಾರ್ಮಿಕರಾದ ಶ್ರೀಮತಿ ಅಕ್ಕಾತಾಯಿ ಇವರ ಭಾವಚಿತ್ರ ಮಾತ್ರ ಇರುತ್ತದೆ. ಕೆಳಗೆ ಸಹಿ, ಸಹಿಯ ಮೇಲೆ ನೀಲಿ ಮೊಹರು. ಒಂದು ಪ್ರತಿ ನಮಗೆ ಕೊಟ್ಟರು.

ಸ್ನೇಹಲ ಗಟ್ಟಿಯಾಗಿ ಓದಿದಳು. ಅಕ್ಕ ಮತ್ತೊಮ್ಮೆ ಓದಿಸಿದಳು.

"ಶಿಕ್ಕಾ ಐತೇನ ಅದರಾಗ?"

"ಐತಿ ಆಯಿ. ಸರಕಾರಿ ಶಿಕ್ಕಾ."

ಅಕ್ಕ ಕಾಗದ ಇಸಿದುಕೊಂಡು ಮೊಹರಿನ ಮೇಲೆ ಆ ಸವೆದ ಹೆಬ್ಬೆರಳು ಆಡಿಸಿದಳು.

ಮರುದಿನ ಮೂವರೂ ಕಚೇರಿಗೆ ಹೋದೆವು. ಕಾರಕೂನ ಓದಿದ, ತಿರುಗಿಸಿ ಹಿಂದೆ ನೋಡಿದ, ಮತ್ತೆ ಓದಿದ. "ಇದ ಗೋಡಿ ಕಾಗದ ಐತಲ್ರಿ ಆಯಿ" ಎಂದ.

"ಗೋಡಿ ಮ್ಯಾಲ ಯಾರ ಅದಾರಂತ ಬರದಾರಲ್ರಿ, ಓದ್ರಿ."

ಅವನು ಒಳಗೆ ಹೋಗಿ ತನ್ನ ಸಾಹೇಬರನ್ನು ಕೇಳಿ ಬಂದ. ಶಿಕ್ಕಾ ಇದ್ದ ಕಾಗದ ತರಲು ಹೇಳಿದವನು ಅವನೇ ತಾನೆ! ಕೊನೆಗೆ ಅರ್ಜಿ ತೆಗೆದುಕೊಂಡು ಫೋಟೋ ಕೇಳಿದ. ಅಕ್ಕ ಚೀಲದಿಂದ ಒಂದು ಸಣ್ಣ ಫೋಟೋ ತೆಗೆದುಕೊಟ್ಟಳು. ನಾನು ಬಗ್ಗಿ ನೋಡಿ ಗಾಬರಿಯಾದೆ. ಸ್ಟುಡಿಯೋದ್ದಲ್ಲ. ಸ್ನೇಹಲ ಮೊಬೈಲಿನಲ್ಲಿ ತೆಗೆದ ಗೋಡೆಯ ಚಿತ್ರವನ್ನು ಅಳತೆಗೆ ಕತ್ತರಿಸಿ ಅಚ್ಚು ಹಾಕಿಸಿಕೊಂಡಿದ್ದರು. ಹುಡುಗಿ ನನ್ನ ಕಡೆ ನೋಡದೆ ತಲೆ ಎತ್ತಿ ಛತ್ತು ನೋಡುತ್ತಿದ್ದಳು.

"ಫೋಟೋ ಹಳೇದ ಕಾಣಸ್ತೈತ್ರಿ ಆಯಿ" ಎಂದ ಕಾರಕೂನ.

"ಕೆಲಸಾನೂ ಹಳೇದ ಐತ್ರಿ" ಎಂದಳು ಅಕ್ಕ.

ಅವನು ಅಂಟು ಹಚ್ಚಿ ಅಂಟಿಸಿದ.

ಕಾರ್ಡು ಬಂದು, ಅದರ ಮೇಲೆ ದವಾಖಾನೆಯಲ್ಲಿ ಹೊಸ ಕನ್ನಡಕ ಸಿಕ್ಕ ದಿನ ಅಕ್ಕ ಅದನ್ನು ಹಾಕಿಕೊಂಡು ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ಸರಕಾರದ ಕಾರ್ಡಿನ ಮೇಲೆ, ಬುಗುಡಿ ಇಟ್ಟು ನೆಟ್ಟಗೆ ಕೂತ ನನ್ನ ಅಕ್ಕನ ಮೇಲ್ತುಟಿಯ ಮೇಲೆ ಆ ಬೂದು ನೆರಳು ಸ್ಪಷ್ಟವಾಗಿ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ. ನಾಳೆಯೇ ಸ್ಟುಡಿಯೋಕ್ಕೆ ಹೋಗೋಣ, ಬೇರೆ ಫೋಟೋ ಕೊಟ್ಟು ತಿದ್ದಿಸೋಣ ಎಂದೆ.

"ಏನೂ ಬ್ಯಾಡ" ಎಂದಳು ಅಕ್ಕ, ಕಾರ್ಡನ್ನು ಸೊಂಟದ ಚೀಲಕ್ಕೆ ಸೇರಿಸುತ್ತ. "ಜನ್ಮ ಪೂರ್ತಿ ಅವರ ಬೀಡಿ ಕಟ್ಟೀನಿ. ಮಾಲಕರ ಕಡಿಂದ ನನಗ ಬಂದದ್ದ ಆ ಮೀಸಿ ಒಂದ. ಇರಲಿ ಬಿಡ."